ಹನ್ನೊಂದು ತಂತಿಗಳ ಲೆಕ್ಕ



ನಿಮ್ಮಲ್ಲಿ ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಸೋನೋಮೀಟರ್ ಪರಿಚಿತ. ಉದ್ದನೆಯ ಟೊಳ್ಳು ಮರದ ಪೆಟ್ಟಿಗೆ, ಅದರ ಮೇಲೊಂದು ತಂತಿ. ತಂತಿಯ ಒಂದು ತುದಿಯನ್ನು ಮೊಳೆಗೆ ಬಿಗಿದಿರುತ್ತದೆ. ಇನ್ನೊಂದು ತುದಿ ರಾಟೆಯ ಮೇಲೆ ಹಾದು ಕೆಳಗಿಳಿದು ತೂಕದ ಬಿಲ್ಲೆಗಳನ್ನು ಹೊತ್ತಿರುತ್ತದೆ. ತಂತಿಯ ನಡುವೆ ಮಡಿಚಿದ ಸಣ್ಣ ಕಾಗದದ ಚೂರೊಂದನ್ನು ಕೂರಿಸಿ, ಶ್ರುತಿಕವೆಯನ್ನು ಬಡಿದು ಪೆಟ್ಟಿಗೆಯ ಮೇಲೆ ಇಡುತ್ತೇವೆ. ತಂತಿಯ ಉದ್ದ ಸರಿಹೊಂದಿದ ಕ್ಷಣದಲ್ಲಿ ಯಾರೂ ಮುಟ್ಟದಿದ್ದರೂ ಕಾಗದ ಹಾರಿ ಬೀಳುತ್ತದೆ. ನಾವು ಆ ಉದ್ದವನ್ನು ಬರೆದುಕೊಂಡು, ಸೂತ್ರಕ್ಕೆ ಹಾಕಿ, ಉತ್ತರ ತೆಗೆದು, ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ಹೋಗುತ್ತೇವೆ.

ನಾನೂ ಹಾಗೆಯೇ ಮನೆಗೆ ಹೋದವನು. ಬಿ.ಎಸ್ಸಿ. ಮುಗಿಸಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದವು. ಆ ಪ್ರಯೋಗದ ನಿಜವಾದ ಅರ್ಥ ನನಗೆ ತಿಳಿದದ್ದು ಮಾತ್ರ 2022ರ ಮಾರ್ಚ್ ತಿಂಗಳ ಒಂದು ರಾತ್ರಿ, ನಮ್ಮ ಮನೆಯ ಕಾರ್ ಷೆಡ್ಡಿನಲ್ಲಿ. ಇಂದು ನಿಮ್ಮೊಡನೆ ಹಂಚಿಕೊಳ್ಳಲಿರುವುದು ಆ ಕಥೆ. ಅದರ ನಾಯಕ ಒಂದು ವಾದ್ಯ. ಹೆಸರು ಹಾರ್ಪ್ ಗಿಟಾರ್.

ಗಿಟಾರ್ ನಿಮಗೆಲ್ಲ ಗೊತ್ತು. ಆರು ತಂತಿ, ಎಡಗೈ ಬೆರಳುಗಳಿಂದ ತಂತಿಯನ್ನು ಒತ್ತಿ ಅದರ ಉದ್ದವನ್ನು ಕಡಿಮೆ ಮಾಡಿ ಬೇರೆ ಬೇರೆ ಸ್ವರ ಪಡೆಯುತ್ತೇವೆ. ಹಾರ್ಪ್ ಎಂಬ ವಾದ್ಯದಲ್ಲಿ ಹಾಗಿಲ್ಲ. ಅಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ತಂತಿ. ಬೆರಳಿನಿಂದ ಒತ್ತುವ ಮಾತೇ ಇಲ್ಲ, ಬರೀ ಮೀಟುವುದು. ಇವೆರಡನ್ನೂ ಒಂದೇ ಒಡಲಿನಲ್ಲಿ ಸೇರಿಸಿದರೆ ಹಾರ್ಪ್ ಗಿಟಾರ್. ಗಿಟಾರಿನ ಆರು ತಂತಿಗಳ ಪಕ್ಕದಲ್ಲಿ, ಮೇಲ್ಬದಿಗೆ, ಇನ್ನೂ ಕೆಲವು ಉದ್ದನೆಯ ಮಂದ್ರ ತಂತಿಗಳು ಇರುತ್ತವೆ. ಅವನ್ನು ಹೊರಲು ಗಿಟಾರಿನ ಒಡಲಿನಿಂದಲೇ ಟೊಳ್ಳಾದ ಒಂದು ತೋಳು ಮೇಲಕ್ಕೆ ಚಾಚಿಕೊಂಡಿರುತ್ತದೆ. ಮೊದಲ ಸಲ ನೋಡಿದವರಿಗೆ ಗಿಟಾರಿಗೆ ಆನೆಯ ಸೊಂಡಿಲು ಬಂದಂತೆ ಕಾಣುತ್ತದೆ.

ಈ ಯೋಚನೆ ನಮಗೆ ತೀರ ಹೊಸದಲ್ಲ. ನಮ್ಮ ಸರಸ್ವತಿ ವೀಣೆಯನ್ನೇ ನೋಡಿ. ಮೆಟ್ಟಿಲುಗಳ ಮೇಲೆ ನುಡಿಸುವ ತಂತಿ ನಾಲ್ಕು; ಪಕ್ಕದಲ್ಲಿ ಒತ್ತದೆ ಬರೀ ಮೀಟುವ ತಾಳದ ತಂತಿ ಮೂರು. ಯೂರೋಪಿನಲ್ಲಿಯೂ 16ನೆಯ ಶತಮಾನದ ಕೊನೆಯ ಹೊತ್ತಿಗೆ ಥಿಯೋರ್ಬೋ ಎಂಬ ಉದ್ದ ಕತ್ತಿನ ವಾದ್ಯಕ್ಕೆ ಇಂಥ ಮಂದ್ರ ತಂತಿಗಳು ಬಂದಿದ್ದವು. 19ನೆಯ ಶತಮಾನದಲ್ಲಿ ವಿಯೆನ್ನಾ ನಗರದ ಷ್ರಾಮೆಲ್ ಸಹೋದರರ ಮೇಳದಲ್ಲಿ ಎರಡು ಕತ್ತಿನ ಗಿಟಾರ್ ಇತ್ತು. ಆದರೆ ಟೊಳ್ಳು ತೋಳಿನ ಗಿಟಾರ್ ಹೆಸರಾದದ್ದು ಅಮೆರಿಕದಲ್ಲಿ. ನಾರ್ವೆಯಿಂದ ವಲಸೆ ಬಂದ ಕ್ರಿಸ್ ನಟ್ಸನ್ ಎಂಬಾತ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್ ಎಂಬ ಬಂದರು ಊರಿನಲ್ಲಿ ಇಂಥ ಗಿಟಾರುಗಳನ್ನು ಮಾಡಿ, 1898ರಲ್ಲಿ ಅದರ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ಮುಂದೆ ಷಿಕಾಗೋ ನಗರದ ಲಾರ್ಸನ್ ಸಹೋದರರು ಅದೇ ಮಾದರಿಯನ್ನು ತಿದ್ದಿ ಅಚ್ಚುಕಟ್ಟು ಮಾಡಿದರು. ಡೈಯರ್ ಎಂಬ ಅಂಗಡಿಯ ಹೆಸರಿನಲ್ಲಿ ಮಾರಾಟವಾದ ಆ ವಾದ್ಯಗಳನ್ನು ಇಂದಿಗೂ ಮಾದರಿ ಎಂದು ಎಣಿಸುತ್ತಾರೆ. 1920ರ ದಶಕದ ನಂತರ ಈ ವಾದ್ಯ ಮರೆಗೆ ಸರಿಯಿತು. 1980ರ ದಶಕದಲ್ಲಿ ಮೈಕೆಲ್ ಹೆಡ್ಜಸ್ ಎಂಬ ಕಲಾವಿದ ಅದನ್ನು ಮತ್ತೆ ವೇದಿಕೆಗೆ ತಂದ. ಆತ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ನಾನು ಹೆಡ್ಜಸ್ ನುಡಿಸುವುದನ್ನು ನೋಡಿದ್ದು ಸಂಕಲನ ಕೊಠಡಿಯಲ್ಲಿ, ತಂತಿವಾದ್ಯಗಳ ಬಗ್ಗೆ ಒಂದು ಕಾರ್ಯಕ್ರಮಕ್ಕೆ ಸಿದ್ಧತೆ ನಡೆಸುತ್ತಿದ್ದಾಗ. ಒಬ್ಬನೇ ಮನುಷ್ಯ, ಆದರೆ ಕೇಳುವುದಕ್ಕೆ ಇಬ್ಬರು ನುಡಿಸಿದಂತೆ. ಮೀಟಿ ಬಿಟ್ಟ ಮಂದ್ರ ಸ್ವರ ತಂಬೂರಿಯಂತೆ ನಿಂತೇ ಇರುತ್ತಿತ್ತು. ಅಂಥ ವಾದ್ಯ ನಮ್ಮ ಅಂಗಡಿಗಳಲ್ಲಿ ಸಿಗಲಿಲ್ಲ. ತರಿಸಿಕೊಳ್ಳುವಷ್ಟು ಹಣವೂ ಇರಲಿಲ್ಲ. ನಾವೇ ಏಕೆ ಮಾಡಬಾರದು ಎಂಬ ಹುಂಬ ಧೈರ್ಯ ಬಂತು.

ಮೊದಲು ಮರದ ವಿಚಾರ. ಗಿಟಾರಿನ ಮುಖದ ಹಲಗೆಗೆ ಸ್ಪ್ರೂಸ್ ಎಂಬ ಶೀತದೇಶದ ಮರ ಬೇಕು. ಅದು ಹಗುರ, ಆದರೆ ಎಳೆಯ ಉದ್ದಕ್ಕೆ ತುಂಬ ಗಡುಸು. ತಂತಿಯ ಸಣ್ಣ ಕಂಪನವನ್ನು ಗಾಳಿಗೆ ದಾಟಿಸುವುದು ಈ ಹಲಗೆಯೇ. ಅದನ್ನು ಹೊರಗಿನಿಂದ ತರಿಸಿಕೊಂಡೆ. ಬೆನ್ನಿಗೂ ಪಕ್ಕೆಗಳಿಗೂ ಭಾರವಾದ ಗಟ್ಟಿ ಮರ ಬೇಕು. ಪ್ರಪಂಚದ ಗಿಟಾರ್ ತಯಾರಕರು ಅದಕ್ಕಾಗಿ ಬಳಸುವ ಒಂದು ಮುಖ್ಯ ಮರ ಯಾವುದು ಗೊತ್ತೇ? ನಮ್ಮ ಪಶ್ಚಿಮ ಘಟ್ಟದ ಬೀಟೆ. ಹಿಂದೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅದು ದುರ್ಲಭವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿತು. ಇಂದು ಬೀಟೆಗೂ ಕಾವಲಿದೆ. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಬೀಟೆಯ ಇಡೀ ಕುಲವೇ 2017ರಲ್ಲಿ ಸೇರಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನನಗೆ ಬೀಟೆ ಸಿಕ್ಕಿದ್ದು ಮನೆಯಲ್ಲೇ. ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆ ಬಿಚ್ಚಿದಾಗ ಅಜ್ಜಿಯ ಮಂಚ ಬೆಂಗಳೂರಿಗೆ ಬಂದಿತ್ತು. ಎರಡು ಕಾಲು ಮುರಿದಿದ್ದ ಆ ಮಂಚ ಅಟ್ಟದ ಮೇಲೆ ಮಲಗಿತ್ತು. ಅದರ ಪಕ್ಕದ ಪಟ್ಟಿಗಳು ಆರಡಿ ಉದ್ದ, ಸುಮಾರು ಒಂಬತ್ತು ಅಂಗುಲ ಅಗಲದ ಅಚ್ಚ ಬೀಟೆ. ಎಪ್ಪತ್ತು ವರ್ಷ ಒಣಗಿದ ಮರ. ಅಮ್ಮನನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಕೊನೆಗೆ, “ಹಾಳು ಮಾಡುವುದಿಲ್ಲ ಎಂದರೆ ತಗೊ” ಎಂದರು.

ಕೆಲಸಕ್ಕೆ ಜೊತೆಯಾದವರು ನಮ್ಮ ಬೀದಿಯ ಹಿರಿಯ ಬಡಗಿ ಆಚಾರ್ರು. ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿ ಪಳಗಿದ ಕೈ. 2021ರ ಮಳೆಗಾಲದಲ್ಲಿ ಕೆಲಸ ಆರಂಭವಾಯಿತು. ಮಂಚದ ಪಟ್ಟಿಯನ್ನು ಗರಗಸದ ಮಿಲ್ಲಿನಲ್ಲಿ ತೆಳುವಾಗಿ ಸೀಳಿಸಿ ತಂದೆವು. ಉಜ್ಜುಗೊರಡಿನಿಂದ ಪಕ್ಕೆಯ ಹಲಗೆಗಳನ್ನು 2 ಮಿಲಿಮೀಟರಿನಷ್ಟಕ್ಕೆ ಇಳಿಸಿದೆವು. ಬೀಟೆಯ ಹುಡಿ ಕೆಲವರ ಚರ್ಮಕ್ಕೂ ಶ್ವಾಸಕ್ಕೂ ಆಗುವುದಿಲ್ಲ. ಮೂಗು ಬಾಯಿ ಮುಚ್ಚಿಕೊಂಡೇ ಈ ಕೆಲಸ ಮಾಡಬೇಕು.

ನೇರ ಹಲಗೆಯನ್ನು ಗಿಟಾರಿನ ಸೊಂಟದ ಆಕಾರಕ್ಕೆ ಬಗ್ಗಿಸುವುದು ನೋಡಲು ಚೆಂದ. ಕಬ್ಬಿಣದ ಕೊಳವೆಯನ್ನು ಒಳಗಿನಿಂದ ಕಾಯಿಸಿ, ಒದ್ದೆ ಬಟ್ಟೆ ಸುತ್ತಿದ ಹಲಗೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಬೇಕು. ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ವಸ್ತು ಬಿಸಿಗೆ ಮೆದುವಾಗುತ್ತದೆ. ಆಗ ಹಲಗೆ ಹಪ್ಪಳದ ಹಿಟ್ಟಿನಂತೆ ಮಾತು ಕೇಳುತ್ತದೆ. ತಣಿದ ಮೇಲೆ ಹೊಸ ಆಕಾರದಲ್ಲೇ ನಿಲ್ಲುತ್ತದೆ. ಅವಸರ ಮಾಡಿದರೆ ಚಟ್ ಎಂದು ಸೀಳುತ್ತದೆ.

ಹೀಗೆ ಒಡಲು ಸಿದ್ಧವಾಯಿತು, ತೋಳು ಸಿದ್ಧವಾಯಿತು. ತೋಳಿನ ತುದಿಗೆ ಮಂದ್ರ ತಂತಿಗಳ ಬಿರಟೆ ಕೂರಿಸುವ ತಲೆಕಟ್ಟನ್ನು ಜೋಡಿಸಬೇಕು. ಆಗ ಆಚಾರ್ರು ಕೆಲಸ ನಿಲ್ಲಿಸಿ ಕೇಳಿದರು: “ಸಾರ್, ಈ ತಂತಿಗಳೆಲ್ಲಾ ಸೇರ್ಕೊಂಡು ಎಷ್ಟು ಭಾರ ಎಳೀತವೆ? ಅದೊಂದು ಹೇಳ್ಬಿಡಿ, ಅದಕ್ಕೆ ತಕ್ಕಂಗೆ ಕೂಡಿಕೆ ಮಾಡೋಣ.”

ಎಂಥ ಪ್ರಶ್ನೆ ನೋಡಿ! ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ಕೇಳಿದ್ದು ಅಪ್ಪಟ ಭೌತಶಾಸ್ತ್ರದ ಪ್ರಶ್ನೆ. ಬಿ.ಎಸ್ಸಿ. ಪದವೀಧರನಾದ ನಾನು ಕೊಟ್ಟ ಉತ್ತರ: “ಮಾಮೂಲು ಗಿಟಾರಿನಷ್ಟೇ ಆಚಾರ್ರೇ, ಸ್ವಲ್ಪ ಹೆಚ್ಚಿರಬಹುದು.” ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಾನು ಹೇಳಿದಂತೆ ಹಲಗೆಗೆ ಹಲಗೆ ಆನಿಸಿ ಬಿಳಿ ಅಂಟು ಹಾಕಿ ಬಿಗಿದರು.

2022ರ ಮಾರ್ಚ್ ಆರಂಭದಲ್ಲಿ ಹನ್ನೊಂದು ತಂತಿ ಬಿಗಿದೆ. ಆರು ಗಿಟಾರಿನವು, ಐದು ಮಂದ್ರದವು. ಮೊದಲ ಸಲ ಮೀಟಿದಾಗ ಅಮ್ಮ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಒಂಬತ್ತು ದಿನ ಅದು ನುಡಿಯಿತು. ಒಂಬತ್ತನೆಯ ರಾತ್ರಿ ಪಟಾಕಿ ಹೊಡೆದಂಥ ಸದ್ದು ಕೇಳಿ ಎದ್ದು ಓಡಿದೆ. ತಲೆಕಟ್ಟು ಮುಂದಕ್ಕೆ ಮುರಿದು ಬಾಗಿತ್ತು. ತೋಳಿನ ಪಕ್ಕೆ ಒಂದು ಗೇಣಿನಷ್ಟು ಸೀಳಿತ್ತು. ಮಂದ್ರ ತಂತಿಗಳು ಬಳ್ಳಿಯಂತೆ ಜೋತಿದ್ದವು. ಅಮ್ಮ ದೀಪ ಹಾಕಿ ನೋಡಿ, “ಮಂಚವೂ ಹೋಯ್ತು, ವಾದ್ಯವೂ ಹೋಯ್ತಲ್ಲ ಮಾರಾಯ” ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಬೈದಿದ್ದರೆ ವಾಸಿಯಿತ್ತು.

ಮರುದಿನ ನಾನು ಕಾಗದ, ಪೆನ್ಸಿಲ್ ಹಿಡಿದು ಕುಳಿತೆ. ನೀವೂ ನನ್ನೊಡನೆ ಲೆಕ್ಕ ಮಾಡಿ. ತಂತಿಯ ಆವೃತ್ತಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಉದ್ದ, ಎಳೆತ, ಪ್ರತಿ ಮೀಟರ್ ತಂತಿಯ ದ್ರವ್ಯರಾಶಿ. ಫ್ರಾನ್ಸಿನ ಮರೆನ್ ಮರ್ಸೆನ್ ಇದನ್ನು 1636ರಲ್ಲಿಯೇ ಪ್ರಕಟಿಸಿದ್ದ. ಸೋನೋಮೀಟರಿನ ಸೂತ್ರವನ್ನು ತಿರುಗಿಸಿ ಬರೆದರೆ ಎಳೆತ ಸಿಗುತ್ತದೆ: ನಾಲ್ಕು ಗುಣಿಸು ಉದ್ದದ ವರ್ಗ, ಗುಣಿಸು ಆವೃತ್ತಿಯ ವರ್ಗ, ಗುಣಿಸು ಮೀಟರಿಗೆ ಇರುವ ದ್ರವ್ಯರಾಶಿ.

ನನ್ನ ವಾದ್ಯದ ಅತಿ ಉದ್ದದ ಮಂದ್ರ ತಂತಿ 0.9 ಮೀಟರ್. ಅದನ್ನು ಶ್ರುತಿ ಮಾಡಿದ್ದು 49 ಹರ್ಟ್ಸ್‌ಗೆ. ಪಾಶ್ಚಾತ್ಯ ಸಂಗೀತದಲ್ಲಿ ಇದು ಕೆಳಗಿನ ಜಿ ಸ್ವರ. ಕಂಚಿನ ತಂತಿ ಸುತ್ತಿದ ಆ ದಪ್ಪ ತಂತಿ ಮೀಟರಿಗೆ 12.9 ಗ್ರಾಂ, ಅಂದರೆ 0.0129 ಕಿಲೋಗ್ರಾಂ. 0.9ರ ವರ್ಗ 0.81, 49ರ ವರ್ಗ 2401. ಎಲ್ಲವನ್ನೂ ಗುಣಿಸಿದರೆ ಸುಮಾರು 100 ನ್ಯೂಟನ್ ಬರುತ್ತದೆ. 9.8ರಿಂದ ಭಾಗಿಸಿ. ಒಂದು ತಂತಿಗೆ 10 ಕಿಲೋ ತೂಕದಷ್ಟು ಎಳೆತ! ಐದು ತಂತಿಗೆ 50 ಕಿಲೋ. ಗಿಟಾರಿನ ಆರು ತಂತಿಗಳ ಒಟ್ಟು ಎಳೆತ ಸಾಮಾನ್ಯವಾಗಿ 70ರಿಂದ 75 ಕಿಲೋ. ಒಟ್ಟು 120 ಕಿಲೋ ದಾಟಿತು. ಒಂದು ಕ್ವಿಂಟಾಲ್ ಮೂಟೆಗಿಂತ ಹೆಚ್ಚಿನ ಭಾರ ಹಗಲೂ ರಾತ್ರಿ ಆ ತೆಳು ಹಲಗೆಗಳ ಮೇಲೆ. ನಾನು “ಸ್ವಲ್ಪ ಹೆಚ್ಚು” ಎಂದಿದ್ದು ಮಾಮೂಲು ಗಿಟಾರಿನದಕ್ಕಿಂತ ಮೂರನೇ ಎರಡು ಪಾಲಿನಷ್ಟು ಹೆಚ್ಚಿತ್ತು. ಈ ಲೆಕ್ಕಕ್ಕೆ ಹಿಡಿದ ಸಮಯ ಹತ್ತು ನಿಮಿಷ.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಇಷ್ಟು ತೊಂದರೆ ಕೊಡುವ ಉದ್ದ ತಂತಿ ಏಕೆ? ಗಿಟಾರಿನಷ್ಟೇ ಉದ್ದ, ಅಂದರೆ 0.65 ಮೀಟರ್ ಇದ್ದರೆ ಸಾಲದೇ? ಸೂತ್ರದಲ್ಲಿ ಉದ್ದದ ವರ್ಗವಿದೆ, ನೆನಪಿಡಿ. ಅದೇ ತಂತಿ ಅದೇ ಸ್ವರಕ್ಕೆ ಬರಬೇಕಾದರೆ ಆ ಉದ್ದದಲ್ಲಿ ಎಳೆತ 52 ನ್ಯೂಟನ್‌ಗೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಸಡಿಲವಾಗಿ ಪಕ್ಕದ ತಂತಿಗೆ ಬಡಿಯುತ್ತದೆ. ಎಳೆತ ಉಳಿಸಲು ತಂತಿಯನ್ನು ಎರಡರಷ್ಟು ಭಾರ ಮಾಡಿದರೆ ಅದು ಸರಳಿನಂತೆ ಬಿರುಸಾಗಿ ನಾದ ಮಂಕಾಗುತ್ತದೆ. ಆದ್ದರಿಂದ ತಂತಿ ಉದ್ದವಾಗಬೇಕು. ತಂತಿ ಉದ್ದವಾದರೆ ತೋಳು ಬೇಕು. ನಟ್ಸನ್ನನ ವಾದ್ಯದ ಆ ವಿಚಿತ್ರ ಸೊಂಡಿಲು ಅಲಂಕಾರವಲ್ಲ, ಅದೇ ಸೂತ್ರವನ್ನು ಮರದಲ್ಲಿ ಬರೆದದ್ದು.

ಮುರಿದ ತುಂಡನ್ನು ಹಿಡಿದು ನೋಡಿದಾಗ ಇನ್ನೂ ಮೂರು ತಪ್ಪುಗಳು ಕಂಡವು. ಒಂದು, ಮರದ ತುದಿಯನ್ನು ಇನ್ನೊಂದು ಮರಕ್ಕೆ ಆನಿಸಿ ಅಂಟಿಸಿದ್ದೆ. ಮರದ ತುದಿ ಎಂದರೆ ಕತ್ತರಿಸಿದ ಕೊಳವೆಗಳ ಕಟ್ಟು. ಅದು ಅಂಟನ್ನು ಹೀರಿಕೊಳ್ಳುತ್ತದೆ, ಹಿಡಿತ ಉಳಿಯುವುದಿಲ್ಲ. ಎರಡು, ಬಡಗಿಗಳು ಸಾಮಾನ್ಯವಾಗಿ ಬಳಸುವ ಬಿಳಿ ಅಂಟು ಮೇಜು ಕುರ್ಚಿಗೆ ಸಾಕು. ಆದರೆ ಬಿಡದೆ ಎಳೆಯುವ ಭಾರಕ್ಕೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತ ಹೋಗುತ್ತದೆ. ಒಂಬತ್ತು ದಿನ ನಿಂತದ್ದು ಏಕೆ, ಒಂಬತ್ತನೆಯ ದಿನ ಬಿದ್ದದ್ದು ಏಕೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಮೂರು, ಮಳೆಗಾಲದ ತೇವದಲ್ಲಿ ಜೋಡಿಸಿದ ಮರ ಮಾರ್ಚಿನ ಒಣ ಹವೆಗೆ ಕುಗ್ಗಿತ್ತು. ಬೆಂಗಳೂರಿನಲ್ಲಿ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ ಶೇಕಡಾ 30ರ ಕೆಳಗೆ ಇಳಿಯುವುದುಂಟು. ವಾದ್ಯ ಮಾಡುವವರು 45ರಿಂದ 50ರ ನಡುವೆ ಇಟ್ಟುಕೊಂಡು ಅಂಟಿಸುತ್ತಾರೆ.

ನಾಚಿಕೆಯಿಂದಲೇ ಆಚಾರ್ರ ಹತ್ತಿರ ಹೋಗಿ, “ಐವತ್ತು ಕಿಲೋ ಆಚಾರ್ರೇ, ತೋಳಿನ ತುದಿಗೇ” ಎಂದೆ. ಅವರು ನಗಲಿಲ್ಲ. ಷೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಮಂಚದ ಕಾಲೊಂದನ್ನು ಎತ್ತಿಕೊಂಡು ತೋರಿಸಿದರು. ಮಂಚದ ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಾಲಿನ ತೂತಿನೊಳಗೆ ಆಳವಾಗಿ ಕೂರಿಸಿದ್ದ ಗುರುತು ಅದರಲ್ಲಿತ್ತು. ಒಂದು ಮೊಳೆಯಿಲ್ಲ. “ಎಪ್ಪತ್ತು ವರ್ಷ ಮನೆಮಂದಿಯನ್ನೆಲ್ಲ ಹೊತ್ತೈತೆ ನೋಡಿ ಸಾರ್. ನಾವು ಬಿಚ್ಚಿದ್ದೇ ಇದನ್ನ.” ಉತ್ತರ ನನ್ನ ಕೈಯಲ್ಲೇ ಇತ್ತು; ನಾನು ಅದನ್ನು ಬರೀ ಹಲಗೆ ಎಂದುಕೊಂಡಿದ್ದೆ.

ಎರಡನೆಯ ಸಲ ಲೆಕ್ಕ ಮೊದಲು, ಅಂಟು ಆಮೇಲೆ. ಉಳಿದ ಬೀಟೆ ಸಾಲುತ್ತಿರಲಿಲ್ಲ. ತೋಳಿನೊಳಗೆ ಹಲಸಿನ ಮರದ ಗಟ್ಟಿ ದಿಮ್ಮಿ ಇಟ್ಟೆವು. ನಮ್ಮ ವೀಣೆಗೆ ಬಳಸುವ ಮರ ತಾನೇ? ತಲೆಕಟ್ಟಿನ ಉದ್ದ ನಾಲಿಗೆ ಆ ದಿಮ್ಮಿಯೊಳಗೆ ಇಳಿದು, ಅಗಲ ಮುಖಗಳು ಒಂದನ್ನೊಂದು ಅಪ್ಪುವಂತೆ ಮಾಡಿ, ಬಿಸಿ ಸರೇಸಿನಿಂದ ಅಂಟಿಸಿದೆವು. ಆದರೆ ಅದಕ್ಕೂ ಮುಂಚೆ ಅಗ್ಗದ ಮರದಲ್ಲಿ ಅಂಥದ್ದೇ ಒಂದು ತೋಳು ಮಾಡಿ ನೆಟ್ಟಗೆ ನಿಲ್ಲಿಸಿದೆವು. ತಲೆಕಟ್ಟಿನಿಂದ, ತಂತಿ ಬರುವ ಜಾಗದಲ್ಲೇ, ಉಕ್ಕಿನ ತಂತಿಯಲ್ಲಿ ಮರಳಿನ ಚೀಲ ತೂಗುಹಾಕಿದೆವು. ಮೊದಲು 50 ಕಿಲೋ, ಆಮೇಲೆ 75 ಕಿಲೋ, ಹದಿನೈದು ದಿನ. ದಿನಾ ಬೆಳಿಗ್ಗೆ ಅಳತೆ ಪಟ್ಟಿ ಹಿಡಿದು ಎಷ್ಟು ಬಾಗಿದೆ ಎಂದು ಬರೆದೆ. ಮೊದಲೆರಡು ದಿನ ಸ್ವಲ್ಪ ಬಾಗಿ ಆಮೇಲೆ ನಿಂತಿತು. ಹದಿನೈದನೆಯ ದಿನ ನನಗೆ ಹೊಳೆಯಿತು: ಇದು ಸೋನೋಮೀಟರೇ ಅಲ್ಲವೇ? ಒಂದು ತಂತಿ, ಒಂದು ಮರ, ತೂಗುವ ತೂಕ. ಕಾಲೇಜಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿದ ಪ್ರಯೋಗವನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಮಾಡುತ್ತಿದ್ದೆ.

2023ರ ಫೆಬ್ರವರಿಯಲ್ಲಿ ತಂತಿಗಳನ್ನು ಮತ್ತೆ ಬಿಗಿದೆವು. ವಾದ್ಯ ಇಂದಿಗೂ ಗಟ್ಟಿಯಾಗಿ ನಿಂತಿದೆ. ತೋಳಿನ ಪಕ್ಕೆಯಲ್ಲಿ ಹಳದಿ ಹಲಸಿನ ತೇಪೆಯೊಂದು ಕಪ್ಪು ಬೀಟೆಯ ನಡುವೆ ಎದ್ದು ಕಾಣುತ್ತದೆ. ಬಣ್ಣ ಹಚ್ಚಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಈ ಮಾತಿನ ಜೊತೆಗಿನ ಕಾರ್ಯಕ್ರಮದಲ್ಲಿ ನೀವು ಆ ವಾದ್ಯವನ್ನು ನೋಡುವಿರಿ. ಅದರಲ್ಲಿ ಒಂದು ಪ್ರಯೋಗವನ್ನು ಗಮನವಿಟ್ಟು ನೋಡಿ. ಮಂದ್ರದ ಎ ತಂತಿ 55 ಹರ್ಟ್ಸ್. ಅದರ ಮೇಲೆ ಎರಡು ಕಾಗದದ ಚೂರು ಕೂರಿಸುತ್ತೇವೆ: ಒಂದು ಸರಿಯಾಗಿ ನಡುವೆ, ಇನ್ನೊಂದು ಕಾಲು ಭಾಗದ ಜಾಗದಲ್ಲಿ. ಈಗ ಗಿಟಾರಿನ ಎ ತಂತಿಯನ್ನು ಮೀಟುತ್ತೇವೆ. ಅದು 110 ಹರ್ಟ್ಸ್, ಸರಿಯಾಗಿ ಎರಡರಷ್ಟು. ಮಂದ್ರ ತಂತಿಯನ್ನು ಯಾರೂ ಮುಟ್ಟುವುದಿಲ್ಲ. ಕಾಲು ಭಾಗದ ಕಾಗದ ಹಾರಿ ಬೀಳುತ್ತದೆ. ನಡುವಿನ ಕಾಗದ ಅಲುಗದೆ ಕುಳಿತಿರುತ್ತದೆ. ಏಕೆಂದರೆ ತಂತಿ ಎರಡು ಅರ್ಧಗಳಾಗಿ ಕಂಪಿಸುತ್ತಿದೆ. ನಡುವಿನ ಬಿಂದು ನಿಶ್ಚಲ. ಹಾರ್ಪ್ ಗಿಟಾರಿನ ನಾದ ತುಂಬಿಕೊಂಡಂತೆ ಕೇಳುವುದಕ್ಕೆ ಈ ಅನುರಣನವೇ ಒಂದು ಕಾರಣ. ನುಡಿಸದ ತಂತಿಗಳೂ ದನಿಗೂಡಿಸುತ್ತಿರುತ್ತವೆ.

ನೀವು ಹಾರ್ಪ್ ಗಿಟಾರ್ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮೀಟರ್ ಉದ್ದದ ಹಲಗೆ, ಎರಡು ಮೊಳೆ, ಎರಡು ಮರದ ತುಂಡಿನ ಕುದುರೆ, ಹಳೆಯ ಗಿಟಾರ್ ತಂತಿ, ಒಂದು ಬಕೆಟ್ ನೀರು ಸಾಕು. ತಂತಿಯ ತುದಿಗೆ ಬಕೆಟ್ ಕಟ್ಟಿ, ಮೇಜಿನ ಅಂಚಿನಿಂದ ಇಳಿಬಿಡಿ. ತಂತಿ ಕಡಿದರೆ ಕಣ್ಣಿಗೆ ಹೊಡೆಯುತ್ತದೆ. ಕನ್ನಡಕ ಹಾಕಿಕೊಳ್ಳಿ, ದೊಡ್ಡವರೊಬ್ಬರು ಜೊತೆಯಲ್ಲಿರಲಿ. ಬಕೆಟ್ಟೂ ಸೇರಿ ಎರಡು ಕಿಲೋ ತೂಗಿದಾಗ ಒಂದು ಸ್ವರ ಕೇಳಿ. ಅದು ದುಪ್ಪಟ್ಟು ಎತ್ತರಕ್ಕೆ ಹೋಗಬೇಕಾದರೆ ತೂಕ ಎಷ್ಟಾಗಬೇಕು? ಮೊದಲು ಕಾಗದದ ಮೇಲೆ ಬರೆಯಿರಿ. ಆಮೇಲೆ ನೀರು ಹಾಕಿ ನೋಡಿ.

ನಿಮ್ಮ ಉತ್ತರ ನಾಲ್ಕು ಕಿಲೋ ಎಂದಿದ್ದರೆ ಬೇಸರಪಡಬೇಡಿ, ಸೂತ್ರವನ್ನು ಇನ್ನೊಮ್ಮೆ ನೋಡಿ. ಬಕೆಟ್ ನಿಮಗೆ ಸುಳ್ಳು ಹೇಳುವುದಿಲ್ಲ. ನನಗೆ ಆಚಾರ್ರು ಕೇಳಿದ ಪ್ರಶ್ನೆಯನ್ನು ನಿಮಗೆ ಯಾರಾದರೂ ಕೇಳುವ ದಿನ ಬಂದೇ ಬರುತ್ತದೆ. ಅಂದು “ಸ್ವಲ್ಪ ಹೆಚ್ಚಿರಬಹುದು” ಎಂದು ಹೇಳದೆ, “ಹತ್ತು ನಿಮಿಷ ಕೊಡಿ, ಲೆಕ್ಕ ಮಾಡಿ ಹೇಳುತ್ತೇನೆ” ಎಂದರೆ ನನ್ನ ಈ ಮಾತು ಸಾರ್ಥಕ.

ಅಮ್ಮ ಈಗ ಸಂಜೆ ಹೊತ್ತು ದೇವರ ಮುಂದೆ ದೀಪ ಹಚ್ಚಿದ ಮೇಲೆ ಒಮ್ಮೊಮ್ಮೆ ಕೇಳುತ್ತಾರೆ: “ಎಲ್ಲಿ, ಅಜ್ಜಿಯ ಮಂಚ ಸ್ವಲ್ಪ ನುಡಿಸು.”